ಜಾಡಿಯ ಮಳೆನೀರು

ರ್ರ್... ರ್ರ್... ಟಕ್. ಸೆಲ್ಫ್ ಒತ್ತಿದಾಗ ಎಂಜಿನ್ನು ಎರಡು ಸಲ ಮುಲುಗಿ ಸುಮ್ಮನಾಗುವ ಆ ಸದ್ದು ಈಗಲೂ ಬೀದಿಯ ಯಾವುದಾದರೂ ಕಾರಿನಿಂದ ಕೇಳಿಸಿದರೆ, ನನ್ನ ಕೈ ತಾನಾಗಿ ತಲೆಗೂದಲಿಗೆ ಹೋಗುತ್ತದೆ. ಕೂದಲೇನೂ ಉಳಿದಿಲ್ಲ ಬಿಡಿ, ನಾಚಿಕೆ ಉಳಿದಿದೆ.

ಹುಣಸೂರಿನಲ್ಲಿ ಅಪ್ಪಾಜಿಗೆ ಹೊಗೆಸೊಪ್ಪಿನ ವ್ಯಾಪಾರ. ಕೊಡಗಿನ ತೋಟ ಮಾರಿ ಇಂಗ್ಲೆಂಡಿಗೆ ಹೊರಟ ದೊರೆಯೊಬ್ಬನಿಂದ ಕೊಂಡ ದೊಡ್ಡ ಕಾರು ನಮ್ಮ ಮನೆಯ ಪ್ರೆಸ್ಟೀಜ್. ಲೆದರ್ ಸೀಟಿನ ವಾಸನೆ, ನುಣ್ಣನೆಯ ಮರದ ಡ್ಯಾಶ್‌ಬೋರ್ಡು, ಬಾಗಿಲು ತೆರೆದರೆ ಹೊತ್ತಿಕೊಳ್ಳುವ ಪುಟ್ಟ ದೀಪ. ಆದರೆ ವಯಸ್ಸಾದ ಕಾರು. ಇಲಿ ಕಡಿದ ವೈರುಗಳು, ಎಡಕ್ಕೆ ತಿರುಗಿದರೆ ತಾನೇ ಕೂಗಿಕೊಳ್ಳುವ ಹಾರ್ನು. ಅದನ್ನು ಮಗುವಿನಂತೆ ಸಾಕುತ್ತಿದ್ದವನು ಡ್ರೈವರ್ ನಂಜಣ್ಣ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮೈಸೂರಿನಿಂದ ಬರಬೇಕಿತ್ತು. ಅದರ ಬದಲು ಅವನು ಮಳೆಗಾಲದಲ್ಲಿ ಬಯಲಿನ ನಾಲ್ಕು ಗೂಟಕ್ಕೆ ಒಗೆದ ಪಂಚೆ ಕಟ್ಟಿ, ನಡುವೆ ಬೆಣಚುಕಲ್ಲೊಂದನ್ನಿಟ್ಟು, ಕೆಳಗೆ ಪಿಂಗಾಣಿ ಜಾಡಿ ಇಟ್ಟು ನೀರು ಹಿಡಿಯುತ್ತಿದ್ದ. ಆ ಜಾಡಿಯನ್ನು ಯಾರೂ ಮುಟ್ಟುವಂತಿರಲಿಲ್ಲ. "ನಿನ್ ಕಾರಿಗೆ ನಮ್ಮನೆ ದೇವ್ರಿಗಿಂತ ಮಡಿ ಜಾಸ್ತಿ ಕಣೋ ನಂಜ" ಎಂದು ಅಜ್ಜಿ ಕೆಣಕಿದರೆ, "ದೇವ್ರಾದ್ರೆ ಸೈಸ್ಕತಾನೆ ಅವ್ವಾರೇ, ಬ್ಯಾಟ್ರಿ ಸೈಸ್ಕಳಲ್ಲ" ಎನ್ನುತ್ತಿದ್ದ.

ನನಗಾಗ ಹದಿಮೂರು. ಮೈಸೂರಿನ ಕಾನ್ವೆಂಟಿನಿಂದ ದಸರಾ ರಜೆಗೆ ಬಂದಿದ್ದೆ. ಮಳೆನೀರಿನಲ್ಲಿ ತಲೆ ತೊಳೆದರೆ ಕೂದಲು ಸಿಲ್ಕ್ ಥರ ಆಗುತ್ತದೆಂದು ಹಾಸ್ಟೆಲ್ಲಿನ ಗೆಳತಿಯೊಬ್ಬಳು ಹೇಳಿದ್ದಳು. ನಮ್ಮ ಹಿತ್ತಿಲ ಬಾವಿಯದು ಸವಳು ನೀರು, ಮಿಂದರೆ ಕೂದಲು ತೆಂಗಿನ ನಾರು. ಒಂದು ಮಧ್ಯಾಹ್ನ ನಂಜಣ್ಣ ಊಟಕ್ಕೆ ಹೋದಾಗ ಜಾಡಿಯನ್ನು ಪೂರ್ತಿ ತಲೆಗೆ ಸುರಿದುಕೊಂಡೆ. ಆಮೇಲೆ ಹೆದರಿ, ಅದೇ ಬಾವಿಯ ನೀರನ್ನು ಕಂಠದವರೆಗೆ ತುಂಬಿಟ್ಟೆ. ಸಂಜೆ ಅವನು, "ಏನ್ ಪುಟ್ಟವ್ವ, ಕೂದ್ಲು ಬಲು ಮಿಂಚ್ತಾ ಅದೆ" ಎಂದು ನಕ್ಕ. ನಾನೂ ನಕ್ಕೆ.

ಎರಡು ತಿಂಗಳು ಬ್ಯಾಟರಿ ಆ ನೀರನ್ನೇ ಕುಡಿಯಿತು. ಕ್ರಿಸ್‌ಮಸ್ ರಜೆಯಲ್ಲಿ ಅಕ್ಕನ ನಿಶ್ಚಿತಾರ್ಥ. ರೈಲಿನಲ್ಲಿ ಬರುವ ಬೀಗರನ್ನು ಕರೆತರಲು ಕೆ.ಆರ್. ನಗರದ ಸ್ಟೇಷನ್ನಿಗೆ ಕಾರು ಹೋಯಿತು, ನಾನೂ ಹೋಗಿದ್ದೆ. ಅವರೆಲ್ಲ ಹತ್ತಿ ಕೂತ ಮೇಲೆ ನಂಜಣ್ಣ ಸೆಲ್ಫ್ ಒತ್ತಿದ. ರ್ರ್... ರ್ರ್... ಟಕ್. ಹ್ಯಾಂಡಲ್ ಹಾಕಿ ತಿರುಗಿಸಿದರೂ ಜೀವ ಬರಲಿಲ್ಲ. ಕೊನೆಗೆ ವರನ ಜರಿಪೇಟದ ಸೋದರಮಾವನವರೇ ಇಳಿದು, "ಕಾರ್ ಕಳಿಸ್ತೀವಿ ಅಂದ್ರು, ತಳ್ಳೋಕೆ ಅಂತ ಅನ್ನಲಿಲ್ಲ ಕಣ್ರೀ" ಎನ್ನುತ್ತ ಹೆಗಲು ಕೊಟ್ಟರು. ಮದುವೆಯೇನೂ ತಪ್ಪಲಿಲ್ಲ, ಅಪ್ಪಾಜಿಯ ಮುಖ ಮಾತ್ರ ಕಪ್ಪಿಟ್ಟಿತು.

ಬೀಗರು ಹೊರಟ ಮೇಲೆ ಅಂಗಳದಲ್ಲಿ ವಿಚಾರಣೆ. "ಬೀಗರ ಕೈಲಿ ಕಾರು ತಳ್ಳಿಸ್ದೆಯಲ್ಲಯ್ಯ. ಏನ್ ನೋಡ್ಕಂಡೆ ಇಷ್ಟ್ ದಿನ?" ನಂಜಣ್ಣ ಜಾಡಿಯೊಳಗೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡ. ಉಗುಳಿದ. ಆಮೇಲೆ ಕಂಬಕ್ಕೊರಗಿ ನಿಂತಿದ್ದ ನನ್ನ ಕಡೆಗೆ, ನನ್ನ ಜಡೆಯ ಕಡೆಗೆ ನೋಡಿದ. "ನಂದೇ ತಪ್ಪು ಬುದ್ಧಿ. ನೀರು ನೋಡ್ದೆ ಉಯ್ದೆ" ಎಂದ. ನಾಳೆಯಿಂದ ಬರಬೇಡವೆಂದರು ಅಪ್ಪಾಜಿ. ಕಾನ್ವೆಂಟಿನಲ್ಲಿ ಗುಡ್ ಕಾಂಡಕ್ಟ್ ಪ್ರೈಜ್ ಗೆದ್ದವಳು ನಾನು. ಬಾಯಿ ಬಿಡಲಿಲ್ಲ.

ಕೊನೆಯ ಸಲ ಅವನನ್ನು ನೋಡಿದ್ದು ನನ್ನ ಮದುವೆಯಾದ ಹೊಸತರಲ್ಲಿ, ಹ್ಯಾಂಡ್‌ಪೋಸ್ಟ್ ಊರಿನ ಬಸ್‌ಸ್ಟ್ಯಾಂಡಿನ ಬಳಿ. ನಮ್ಮವರು ಕಾರು ನಿಲ್ಲಿಸಿ ಬಾಳೆಹಣ್ಣು ಕೊಳ್ಳುತ್ತಿದ್ದರು. ಬಸ್ಸಿನ ಮೇಲೆ ಮೂಟೆ ಕಟ್ಟುತ್ತಿದ್ದವನು ಇಳಿದು ಬಂದ. ತಲೆ ನರೆತಿತ್ತು. "ಚೆಂದಾಗಿದ್ದೀರಾ ಪುಟ್ಟವ್ವ? ಅಪ್ಪಾಜಿಯೋರು ಆರಾಮಾ?" ಹಾಸ್ಟೆಲ್ಲಿನಲ್ಲಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಸಾರಿ ಎಂಬ ಮಾತು ಗಂಟಲಿನವರೆಗೂ ಬಂತು. ಅಷ್ಟರಲ್ಲಿ ನಮ್ಮವರು ಬಂದು ಯಾರೆಂದು ಕೇಳಿದರು.

"ನಮ್ಮ ಹಳೇ ಡ್ರೈವರ್" ಎಂದೆ.

"ಯಾಕೆ ಬಿಟ್ಟ?"

"ಬ್ಯಾಟರಿ ಹಾಳು ಮಾಡಿದ್ದ."

ನಂಜಣ್ಣನಿಗೆ ಕೇಳಿಸಿತು. ಹೆಗಲ ಟವೆಲ್ ಸರಿಮಾಡಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ. ನಮ್ಮವರು ಸೆಲ್ಫ್ ಒತ್ತಿದೊಡನೆ ಕಾರು ಎದ್ದಿತು. ಹಿಂದೆ ನಮ್ಮ ಅಂಗಳದಲ್ಲಿ ಮಾಡುತ್ತಿದ್ದಂತೆಯೇ, ಕತ್ತು ಒಂದಿಷ್ಟು ವಾಲಿಸಿ ಎಂಜಿನ್ನಿನ ಸದ್ದು ಕೇಳಿ, ಸರಿಯಾಗಿದೆ ಎನ್ನುವಂತೆ ಅವನು ತಲೆದೂಗಿದ.