ಸುಣ್ಣದ ಗೆರೆಯ ಈಚೆ

ನರ್ಸ್ ಯಶೋಧರಾ ತಮ್ಮ ಚಪ್ಪಲಿಯನ್ನು ಎಲ್ಲಿ ಬಿಡುತ್ತಾರೆ ಎಂಬುದು, ಓದುಗರು ಒಪ್ಪಲಿ ಬಿಡಲಿ, ಗಹನವಾದ ವಿಷಯ. ಅದಕ್ಕೊಂದು ಗೆರೆಯಿದೆ, ನಿಯಮವಿದೆ, ತಪ್ಪು ಹಿಡಿಯಲು ಮೇಲ್ವಿಚಾರಕಿಯೂ ಇದ್ದಾಳೆ.

ಬೆಳಗಿನ ಐದೂಮುಕ್ಕಾಲು. ಜಂಗಮಕೋಟೆ ಹತ್ತಿರದ ಅನಸೂಯಮ್ಮನ ಮನೆ. ಹಿಂದಿನ ಕೋಣೆಯ ಬಾಗಿಲಿಗೆ ಸುಣ್ಣದ ಪುಡಿಯ ದಪ್ಪ ಗೆರೆ. ಯಶೋಧರಾ ಚಪ್ಪಲಿ ಬಿಟ್ಟು ಕೈಗೆ ಸೋಪು ಹಚ್ಚುತ್ತಾರೆ. ಮುಚ್ಚಿದ ಬಾಗಿಲ ಒಳಗಿಂದ ತಣ್ಣನೆಯ ದನಿ ಬರುತ್ತದೆ: "ಅಕ್ಕ, ಎಡಗಾಲಿಂದು ಗೆರೆ ಮೇಲಿದೆ."

ನಿಜಕ್ಕೂ ಇದೆ. ಒಳಗಿರುವವಳಿಗೆ ಹೊಸಿಲು ಕಾಣುವುದಿಲ್ಲ, ಕಿಟಕಿಗೂ ಕಪ್ಪು ಬಟ್ಟೆ. ಪುಡಿಯ ಮೇಲೆ ಬಿದ್ದ ಚಪ್ಪಲಿಯ ಸದ್ದೇ ಬೇರೆಯಂತೆ. ಮೊದಲ ವಾರ ಯಶೋಧರಾಗೆ ಮೈ ಜುಂ ಎಂದಿತ್ತು.

ಒಳಗಿರುವವಳು ಅನಸೂಯಮ್ಮನ ಮಗಳು ಮೌನಿಕಾ, ಇಪ್ಪತ್ಮೂರು ವರ್ಷ. ಕಾಯಿಲೆ ಲೂಪಸ್: ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮೈಮೇಲೆ ತಿರುಗಿಬೀಳುತ್ತದೆ. ಬಿಸಿಲು ತಾಗಿದರೆ ಕೆನ್ನೆ ಕೆಂಪೇರುತ್ತದೆ, ಕೀಲು ಊದುತ್ತದೆ, ಕೂದಲು ಉದುರುತ್ತದೆ. ಯಶೋಧರಾ ಇದನ್ನು ಅನಸೂಯಮ್ಮನಿಗೆ ತಿಳಿಸಿದ ಬಗೆ ಯಾವ ಪಠ್ಯಪುಸ್ತಕದಲ್ಲೂ ಇರಲಾರದು: "ಮನೆ ನಾಯಿ ಮನೆಯೋರನ್ನೇ ಕಚ್ತಾ ಐತೆ ಕಣಮ್ಮ. ಮಾತ್ರೆ ಕೊಟ್ಟು ನಾಯೀನ ಮಲಗಿಸಿದೀವಿ. ಈಗ ಕಳ್ಳ ಬಂದ್ರೂ ಬೊಗಳಲ್ಲ."

ತೊಂಡೇಬಾವಿಯಲ್ಲಿ ಹುಟ್ಟಿದ ಯಶೋಧರಾಗೆ ಈಗ ನಲವತ್ನಾಲ್ಕು. ಹದಿನೆಂಟು ವರ್ಷ ಆಸ್ಪತ್ರೆಯ ವಾರ್ಡುಗಳಲ್ಲಿ ದುಡಿದು, ಈಗ ಇಂಥ ಒಂಬತ್ತು ರೋಗಿಗಳ ಮನೆಗೆ ಸ್ಕೂಟರಿನಲ್ಲಿ ಹೋಗುತ್ತಾರೆ. ದಿನಕ್ಕೆ ಅರವತ್ತು ಕಿಲೋಮೀಟರು, ನಲವತ್ತು ಸಲ ಕೈತೊಳೆತ. ಬೆರಳ ಸಂದುಗಳು ಬಿರಿದಿವೆ. ರೇಷ್ಮೆಹುಳು ಸಾಕುವ ಕೆಲವು ಮನೆಯವರು ಆಸ್ಪತ್ರೆ ವಾಸನೆ ಹುಳಕ್ಕೆ ಆಗದೆಂದು ಅವರನ್ನು ಅಂಗಳದಲ್ಲೇ ನಿಲ್ಲಿಸುತ್ತಾರೆ. ಅವರಿಗೆ ಬೇಸರವಿಲ್ಲ. ಉಪಾಯ ಹೊಳೆದದ್ದೇ ಅಲ್ಲಿ.

ಕಾಯಿಲೆಯವರನ್ನು ನೋಡಲು ಬಂದ ನೆಂಟರನ್ನು ತಡೆಯುವುದು ಈ ಸೀಮೆಯಲ್ಲಿ ಆಗದ ಮಾತು. ಮೂಗು ಸೋರುತ್ತಿದ್ದರೂ ಮೂಸಂಬಿ ಹಿಡಿದು ಬರುತ್ತಾರೆ, ತಡೆದರೆ ಮೂರು ತಲೆಮಾರು ನೆನಪಿಟ್ಟುಕೊಳ್ಳುತ್ತಾರೆ. ಆದರೆ ಹುಳದ ಮನೆಗೆ ಬರಬೇಡಿ ಎಂದರೆ ಯಾರಿಗೂ ಸಿಟ್ಟಿಲ್ಲ. ಹಾಗಾಗಿ, ಸೋಂಕು ತಡೆಯಲು ಹುಳದ ಮನೆಯ ಹೊಸಿಲಿಗೆ ಹಾಕುವ ಸುಣ್ಣ ಮೌನಿಕಾಳ ಬಾಗಿಲಿಗೂ ಬಿತ್ತು. ಹುಡುಗಿ ಚಿಂತಾಮಣಿಯಲ್ಲಿದ್ದಾಳೆ, ಕೋಣೆಯಲ್ಲಿ ಹುಳ ಇವೆ ಎಂದು ಅನಸೂಯಮ್ಮ ಸಾರಿದರು. ಊರು ನಂಬಿತು, ಒಂದು ಅನುಮಾನ ಮಾತ್ರ ಉಳಿಸಿಕೊಂಡು: ಈ ಹುಳಕ್ಕೆ ಯಾರೂ ಸೊಪ್ಪು ಹೊರುವುದಿಲ್ಲವಲ್ಲ, ಮೇಯುವ ಸದ್ದೂ ಇಲ್ಲ. ಕೆಲವರು ಆ ಗೋಡೆಯ ಪಕ್ಕ ನಡೆಯುವುದನ್ನೇ ಬಿಟ್ಟರು.

ಕಳೆದ ಫೆಬ್ರುವರಿಯ ಒಂದು ಬೆಳಗ್ಗೆ ಯಶೋಧರಾ ಬಂದಾಗ ಗೆರೆಯ ಮೇಲೆ ಬರಿಗಾಲ ಗುರುತುಗಳಿದ್ದವು. ಎರಡು ಸಾಲು. ಎರಡರಲ್ಲೂ ಬೆರಳುಗಳು ಒಳಮುಖ. ಹೊರಗೆ ಬಂದ ಹೆಜ್ಜೆ ಒಂದೂ ಇಲ್ಲ.

ಅವರು ಬೇಕೆಂದೇ ಎಡ ಚಪ್ಪಲಿಯನ್ನು ಗೆರೆಯ ಮೇಲೆ ಬಿಟ್ಟು ಕಾದರು. ಒಳಗಿಂದ ಮಾತಿಲ್ಲ. ಬಲ ಚಪ್ಪಲಿಯನ್ನೂ ಇಟ್ಟರು. ಮಾತಿಲ್ಲ.

ಬಾಗಿಲು ತಳ್ಳಿ ನೋಡಿದರೆ, ಕತ್ತಲ ಕೋಣೆಯಲ್ಲಿ ಬಿಳಿ ಮಾಸ್ಕ್ ಹಾಕಿಕೊಂಡು ಮೌನಿಕಾ ಗೋಡೆಗೆ ಒರಗಿದ್ದಳು. ಕಣ್ಣು ತೆರೆದಿತ್ತು. ಬೇರೆ ಯಾರೂ ಇರಲಿಲ್ಲ. ಅನಸೂಯಮ್ಮ ಹಿಂದೆಯೇ ಬಂದು ಥರ್ಮಾಮೀಟರ್ ತೋರಿಸಿದರು. "ಜ್ವರ ಇಲ್ಲ ಸಿಸ್ಟರಮ್ಮ, ಮಲಗ್ಲಿ ಬಿಡಿ."

"ಜ್ವರ ಇಲ್ದಿರೋದೇ ನಂಗೆ ಭಯ. ನಾಯಿ ಮಲಗೈತೆ ಅಂದಿದ್ನಲ್ಲ," ಎಂದರು ಯಶೋಧರಾ. ನಾಡಿ ನೂರಮೂವತ್ತು, ಉಸಿರು ಗಿಡ್ಡ. ಒಂದು ಗಂಟೆಯೊಳಗೆ ಮೌನಿಕಾ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿದ್ದಳು. ಎರಡೂ ಶ್ವಾಸಕೋಶಗಳಿಗೆ ಸೋಂಕು ಇಳಿದಿತ್ತು. ಸಂಜೆಯವರೆಗೆ ಬಿಟ್ಟಿದ್ದರೆ ಕಷ್ಟವಿತ್ತು ಎಂದರು ವೈದ್ಯರು.

ಹೆಜ್ಜೆಗಳು ಮೌನಿಕಾಳ ದೊಡ್ಡಮ್ಮ ಲಕ್ಷ್ಮಿದೇವಮ್ಮನವು. ಅದೆಂಥ ಹುಳವೆಂದು ನೋಡುವ ಚಪಲಕ್ಕೆ, ಮೂರು ದಿನಗಳ ಹಿಂದೆ, ಕೆಮ್ಮಿಕೊಂಡೇ ಒಳಹೊಕ್ಕಿದ್ದರಂತೆ. ಮೌನಿಕಾ ದೊಡ್ಡಮ್ಮನ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಗೆರೆಯನ್ನು ದಿನಾ ಹೊಸದಾಗಿ ಎಳೆಯಬೇಕಿದ್ದ ಅನಸೂಯಮ್ಮ ಮಾರಲು ಬೆಳೆದ ಹಿಪ್ಪುನೇರಳೆ ಸೊಪ್ಪಿನ ಕೊಯ್ಲಿನ ಗಡಿಬಿಡಿಯಲ್ಲಿ ಮೂರು ದಿನ ಮರೆತಿದ್ದರು, ಆ ಮೂರು ದಿನವೂ ಯಶೋಧರಾಗೆ ಗೌರಿಬಿದನೂರಿನ ಕಡೆ ಸರದಿ. ಹೊರಬಂದ ಗುರುತು ಏಕಿಲ್ಲವೆಂದು ಕೇಳಿದಾಗ ಲಕ್ಷ್ಮಿದೇವಮ್ಮ ಸೆರಗು ಬಾಯಿಗೊತ್ತಿಕೊಂಡರು: "ತಲೇಲಿ ಕೂದ್ಲಿಲ್ಲ, ಮುಖ ಬೆಳ್ಳಗೆ, ನನ್ನೇ ನೋಡ್ತಿತ್ತು. ಬೆನ್ನು ತೋರ್ಸೋಕೆ ಧೈರ್ಯ ಬರ್ಲಿಲ್ಲಮ್ಮ. ಹಿಂದಿಂದಕ್ಕೇ ಬಂದೆ."

ಯಶೋಧರಾರ ಆಸೆ ಏನೆಂದು ಕೇಳಿದರೆ ಬಿರಿದ ಬೆರಳುಗಳಿಗೆ ಕೊಬ್ಬರಿ ಎಣ್ಣೆ ಸವರುತ್ತಾ ಹೇಳುತ್ತಾರೆ: "ದಿನಾ ಅವಳ ಹತ್ರ ಬೈಸ್ಕೊಂಡ್ರೆ ಸಾಕು."

ಮೌನಿಕಾ ಹನ್ನೊಂದು ದಿನಕ್ಕೆ ಮನೆಗೆ ಬಂದಳು. ಈಗ ಗೆರೆ ಎರಡು ಎಳೆಯುತ್ತಾರೆ: ಒಂದು ಚಪ್ಪಲಿಗೆ, ಒಂದು ದೊಡ್ಡಮ್ಮನಿಗೆ.