ಕೊಸರಿಗೆ ಬಂದ ಗುಲಾಬಿ

ರೂಟ್ ಒನ್ ಹೆದ್ದಾರಿಯ ಪಕ್ಕದಲ್ಲಿ, ಗ್ಯಾಸ್ ಸ್ಟೇಷನ್ನಿಗೂ ಹಾಸಿಗೆ ಮಾರುವ ಅಂಗಡಿಗೂ ನಡುವೆ, ಒಂದು ಸಣ್ಣ ಹೂವಿನಂಗಡಿಯಿದೆ. ನಾವಿರುವ ಪ್ಲೇನ್ಸ್‌ಬರೋಗೆ ಹೊಸದಾಗಿ ಬಂದವರಿಗೆಲ್ಲ ನಾನು ಅದರ ದಾರಿ ಹೇಳುತ್ತೇನೆ. ಮಧ್ಯಾಹ್ನದ ಮೇಲೆ ಹೋಗಿ ಎಂದೂ ಸೇರಿಸುತ್ತೇನೆ. ಬೆಳಗಿನ ಹೊತ್ತು ಹೂವಿಗೆ ಗತ್ತು ಜಾಸ್ತಿ, ಮಾರುವವರಿಗೂ. ಇವತ್ತು ಅಲ್ಲಿ ಹನ್ನೊಂದು ಗುಲಾಬಿ ಆರಿಸಿದೆ. ಅಂಗಡಿಯಾಕೆ ಎಣಿಸಿ, ಕಾಗದದಲ್ಲಿ ಸುತ್ತಿ, ನನ್ನ ಮುಖ ನೋಡಿ ನಕ್ಕಳು. ವರ್ಷಗಳಿಂದ ನನ್ನ ಬುದ್ಧಿ ಬಲ್ಲವಳು. ನಾನು ಬಾಯಿ ತೆರೆಯುವ ಮೊದಲೇ ಬಕೆಟ್ಟಿನಿಂದ ಇನ್ನೊಂದನ್ನು ಎತ್ತಿ ಕಟ್ಟಿನ ನಡುವೆ ಸಿಕ್ಕಿಸಿದಳು. ನಾನು ಬೆಂಕಿ ಮುಟ್ಟಿದವನ ಹಾಗೆ ಅದನ್ನು ಹೊರಗೆಳೆದೆ.

“ಬೇಡವೇ?” ಎಂದಳು. ನನ್ನಿಂದ ಇಂಥದ್ದನ್ನು ಅವಳು ನಿರೀಕ್ಷಿಸಿರಲಿಲ್ಲ.

“ಬೇಕು. ಆದರೆ ಇದರೊಳಗೆ ಬೇಡ.”

ಯಾಕೆಂದು ವಿವರಿಸಲು ಹೋಗಲಿಲ್ಲ. ಹಿಂದೆ ಇಬ್ಬರು ಗಿರಾಕಿಗಳು ಕಾಯುತ್ತಿದ್ದರು. ನಿಮಗೆ ಬಿಡುವಿದೆ ಎಂದುಕೊಂಡು ಹೇಳುತ್ತೇನೆ.

ಕೊಸರು ಎಂದರೇನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಹುಟ್ಟಿದ ಮಕ್ಕಳಿಗೆ ಅರ್ಥ ಮಾಡಿಸುವುದು ಮಾತ್ರ ಕಷ್ಟ. ಅದು ಡಿಸ್ಕೌಂಟ್ ಅಲ್ಲ, ಕೂಪನ್ನೂ ಅಲ್ಲ. ಅಳೆದು ಮುಗಿದು, ಲೆಕ್ಕ ಚುಕ್ತಾ ಆದ ಮೇಲೆ ಕೈ ತಾನಾಗಿ ಹಾಕುವ ಇನ್ನಿಷ್ಟು. ದಾವಣಗೆರೆಯಲ್ಲಿ ನಮ್ಮವ್ವ ಹೂ ಕೊಳ್ಳುತ್ತಿದ್ದದ್ದು ಉದ್ದ ಕೈಯ ಹೂವಾಡಗಿತ್ತಿಯ ಹತ್ತಿರ ಮಾತ್ರ. ಮೊಳ ಹಾಕುವ ವ್ಯಾಪಾರದಲ್ಲಿ ಗಿಡ್ಡ ಕೈಯವರ ಹತ್ತಿರ ಹೋಗುವವರು ಹೋಗಲಿ ಎನ್ನುತ್ತಿದ್ದಳು. ಈ ಸಲಹೆ ಇವತ್ತಿಗೂ ಚಾಲ್ತಿಯಲ್ಲಿದೆ, ಊರಿಗೆ ಹೋದಾಗ ಬಳಸಿಕೊಳ್ಳಿ. ಮೊಳ ಹಾಕಿ ಮುಗಿದ ಮೇಲೂ ಅವ್ವ ಅಲ್ಲಾಡುತ್ತಿರಲಿಲ್ಲ. “ಅಳದದ್ದಕ್ಕ ರೊಕ್ಕ ಕೊಟ್ಟೀನಿ. ಈಗ ನೀ ಏನು ಕೊಡ್ತೀಯ ನೋಡಾಣ,” ಎಂದು ನಿಂತೇ ಇರುತ್ತಿದ್ದಳು. ಆಕೆ ಗೊಣಗುತ್ತ ನಾಲ್ಕು ಬೆರಳು ಹೂ ಹರಿದು ಹಾಕುತ್ತಿದ್ದಳು. ಆ ನಾಲ್ಕು ಬೆರಳನ್ನು ಅವ್ವ ಅಲ್ಲೇ ಮುಡಿದುಕೊಳ್ಳುತ್ತಿದ್ದಳು, ಅಳೆದದ್ದು ದೇವರಿಗೆ. ಈ ಕೊನೆಯ ಸಂಗತಿ ಸಮಯಕ್ಕೆ ನೆನಪಾಗಿದ್ದರೆ ಲಾಟ್ವಿಯಾದಲ್ಲಿ ನನ್ನ ಮಾನ ಉಳಿಯುತ್ತಿತ್ತು.

ಲಾಟ್ವಿಯಾಕ್ಕೆ ನಾವು ಹೋದದ್ದು ಹೋದ ಬೇಸಿಗೆಯಲ್ಲಿ, ಮಗಳು ಮೇಘನಾಳ ಮದುವೆಯ ವಿಷಯಕ್ಕೆ. ಹುಡುಗನ ಹೆಸರು ಯಾನಿಸ್; ಲಾಟ್ವಿಯಾದವನು, ಬ್ರಿಡ್ಜ್‌ವಾಟರಿನ ಔಷಧ ಕಂಪನಿಯೊಂದರಲ್ಲಿ ಕೆಲಸ. ಅವನ ಬಗ್ಗೆ ನನ್ನದೇನೂ ತಕರಾರಿರಲಿಲ್ಲ. ನಾನು ಹಳೆಯ ಕಾರೊಂದನ್ನು ಕೊಳ್ಳಲು ಹೋದಾಗ ಜೊತೆಗೆ ಬಂದವನು ವ್ಯಾಪಾರ ಮುಗಿಯುವವರೆಗೆ ತುಟಿ ಬಿಚ್ಚದೆ ನಿಂತಿದ್ದ. ಚೌಕಾಸಿ ನಡೆಯುವಾಗ ಪಕ್ಕದಲ್ಲಿ ಸುಮ್ಮನೆ ನಿಲ್ಲಬಲ್ಲವರು ಬಹಳ ಅಪರೂಪ. ನನ್ನ ಹೆಂಡತಿ ವಸುಧಾ “ಪಾಪ, ಕೊಟ್ಟುಬಿಡಿ ರೀ” ಅಂದು ಎಷ್ಟು ವ್ಯಾಪಾರ ಕೆಡಿಸಿದ್ದಾಳೋ. ತೊಡಕು ಇದ್ದದ್ದು ಅವನ ಅಜ್ಜಿ ಮಾರ್ಟಾ ಅವರದು. ಚಿಕ್ಕಂದಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡ ಅವನನ್ನು ಸಾಕಿದವರು ಅವರೊಬ್ಬರೇ. ಮದುವೆಯ ಸುದ್ದಿ ಕೇಳಿ ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: ವಿಮಾನ ಹತ್ತುವುದಿಲ್ಲ, ಗೊತ್ತಿಲ್ಲದವರ ಮನೆಗೆ ಬರುವುದಿಲ್ಲ.

“ಅಜ್ಜಿ ಇಲ್ಲದೆ ನಾನು ಮದುವೆಯಾಗಲ್ಲ ಅಂಕಲ್. ಕಾಯೋಣ,” ಎಂದ ಯಾನಿಸ್. ಹೇಳಿದ್ದು ಇಂಗ್ಲಿಷಿನಲ್ಲಿ; ಅಂಕಲ್ ಎನ್ನುವುದನ್ನು ಮಾತ್ರ ನಮ್ಮ ಮನೆಯಲ್ಲಿ ಕಲಿತದ್ದು.

“ಹೌ ಲಾಂಗ್?” ಎಂದಳು ಮೇಘನಾ. ಅವಳು ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ವಸುಧಾಳದು ಬೇರೆ ಚಿಂತೆ. “ಗಂಡಿನ ಕಡೆಯಿಂದ ಒಬ್ಬರು ಹಿರಿಯರೂ ಇಲ್ಲದೆ ಧಾರೆ ಎರೆಯೋದಾದ್ರೂ ಹೇಗೆ? ಗೊತ್ತಿಲ್ಲದವರ ಮನೆ ಅಂದ್ರಲ್ಲ, ಗೊತ್ತು ಮಾಡಿಕೊಂಡು ಬರೋಣ ನಡೀರಿ.”

ಒಂದು ದೇಶಕ್ಕೆ ಹೋಗಿ ಎರಡನ್ನು ಕೊಸರಾಗಿ ನೋಡಿ ಬರೋಣವೆಂದು ನಾನು ಲಿಥುವೇನಿಯಾ, ಎಸ್ಟೋನಿಯಾಗಳನ್ನೂ ಸೇರಿಸಿದೆ. ದೇವಸ್ಥಾನದ ಕ್ಯಾಂಟೀನಿನಲ್ಲಿ ಸುದ್ದಿ ತಿಳಿದ ಗೆಳೆಯರು, “ಸ್ವಿಟ್ಜರ್ಲೆಂಡ್ ಬಿಟ್ಟು ಅಲ್ಲೇನಿದೆಯೋ?” ಎಂದು ನಕ್ಕರು. ಇದೆ, ಹೇಳುತ್ತೇನೆ. ಮೂರು ದೇಶಗಳ ನಡುವೆ ವಿಮಾನ ಬೇಡ, ಬಸ್ಸು ಸಾಕು; ಕಿಟಕಿಯಾಚೆ ಪೈನ್ ಕಾಡು, ಗೋಧಿ ಹೊಲ, ಕಂಬದ ಮೇಲೆ ಕೊಕ್ಕರೆ ಗೂಡು. ಬೇಸಿಗೆಯಾದರೂ ಒಂದು ಸ್ವೆಟರ್ ಇರಲಿ. ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ತಣ್ಣನೆಯ ಬೀಟ್‌ರೂಟ್ ಸೂಪ್ ಕುಡಿಯಿರಿ. ಬಣ್ಣ ನೋಡಿ ಹೆದರಬೇಡಿ, ಮದುವೆ ಮನೆಯ ಗುಲಾಬಿ ಶಾಮಿಯಾನದ ಬಣ್ಣ. ಬಾಯಿಗೆ ಇಟ್ಟರೆ ನಮ್ಮ ತಂಬುಳಿಯ ಅಕ್ಕ. ಮೊಟ್ಟೆ ಬೇಡವೆಂದು ಮೊದಲೇ ಹೇಳಿ, ಬಂದ ಮೇಲೆ ಹೇಳಿ ಪ್ರಯೋಜನವಿಲ್ಲ. ವಸುಧಾ ಒಂದು ಚಮಚ ಕುಡಿದು ತಟಕ್ಕನೆ ನಿಲ್ಲಿಸಿದಳು. “ಸಬ್ಬಸಿಗೆ ಸೊಪ್ಪು ರೀ! ಇಷ್ಟು ದೂರ ಬಂದು ಸಬ್ಬಸಿಗೆ!” ಅಲ್ಲಿಂದ ಮುಂದೆ ಪ್ರತಿ ಊಟದಲ್ಲೂ ಅದು ಸಿಕ್ಕಿತು. ಅಕ್ಕಿರೊಟ್ಟಿಗೆ ಹಾಕುವುದನ್ನು ಇವರಿಗೆ ಯಾರೂ ಹೇಳಿಕೊಟ್ಟಿಲ್ಲವಲ್ಲ ಎಂಬುದೊಂದೇ ಅವಳ ಕೊರಗು.

ಲಾಟ್ವಿಯಾದ ರೀಗಾ ತಲುಪಿದ ಸಂಜೆ ಯಾನಿಸ್ ಫೋನ್ ಮಾಡಿದ. ಅವನೂ ಮೇಘನಾಳೂ ಮೊದಲೇ ಅಜ್ಜಿಯ ಊರಾದ ತ್ಸೇಸಿಸ್‌ಗೆ ಹೋಗಿದ್ದರು. ನಾಳೆ ಬನ್ನಿ, ನಾಳೆ ಅಜ್ಜಿಯ ಹೆಸರಿನ ದಿನ ಎಂದ. ಅಲ್ಲಿಯ ಕ್ಯಾಲೆಂಡರಿನಲ್ಲಿ ಒಂದೊಂದು ದಿನಕ್ಕೂ ಒಂದಿಷ್ಟು ಹೆಸರು ಅಚ್ಚಾಗಿರುತ್ತದೆ. ನಿಮ್ಮ ಹೆಸರು ಬಂದ ದಿನ ನಿಮ್ಮ ಮನೆಯಲ್ಲಿ ಹಬ್ಬ.

“ಅವರು ನಮ್ಮನ್ನ ಕರೆದರಾ?” ಎಂದೆ.

“ಇಲ್ಲ ಅಂಕಲ್. ಹೆಸರಿನ ದಿನಕ್ಕೆ ಯಾರನ್ನೂ ಕರೆಯಲ್ಲ. ನೆನಪಿರೋರು ಬರ್ತಾರೆ.”

ಇದು ನನಗೆ ಹಿಡಿಸಲಿಲ್ಲ. ಬರಬೇಡಿ ಎನ್ನುವುದನ್ನು ಮುದುಕಿ ನಯವಾಗಿ ಹೇಳುತ್ತಿದ್ದಾರೆ ಎಂದೇ ಅನುಮಾನ. “ಕರೆಯದೆ ಬೀಗರ ಮನೆಗೆ ಹೋಗೋದಾ? ನಮ್ಮಲ್ಲಿ ಅಕ್ಷತೆ ಕೊಟ್ಟು ಕರೆದರೂ ಮುಖ ಊದಿಸ್ಕೊಂಡು ಬರ್ತಾರೆ,” ಎಂದೆ.

“ಬೀಗರು ಆದಮೇಲೆ ಮುಖ ಊದಿಸ್ಕೊಳ್ಳೀರಂತೆ, ಮೊದಲು ಆಗಲಿ,” ಎಂದಳು ವಸುಧಾ. “ಬೆಳಗ್ಗೆ ಹೂ ತಗೊಳ್ಳಿ, ಬರಿಗೈಲಿ ಹೋಗೋದು ಬೇಡ. ನನಗೂ ಒಂದು ತಗೊಳ್ಳಿ. ಶುಭಕಾರ್ಯಕ್ಕೆ ಬೋಳು ಜಡೇಲಿ ಹೋಗೋಕೆ ಮನಸ್ಸಿಲ್ಲ.”

“ಇಲ್ಲಿ ಯಾರೂ ಮುಡಿಯಲ್ಲ ಮಾರಾಯ್ತಿ, ರೈಲಲ್ಲಿ ಎಲ್ಲಾ ತಿರುಗಿ ನೋಡ್ತಾರೆ.”

ರೀಗಾದ ಮಾರುಕಟ್ಟೆಯನ್ನು ತಪ್ಪಿಸಬೇಡಿ. ವಿಮಾನಕ್ಕೂ ಹಿಂದಿನ ಕಾಲದಲ್ಲಿ ಗಾಳಿ ತುಂಬಿದ ಆಕಾಶನೌಕೆಗಳಿದ್ದವಲ್ಲ, ಅವನ್ನು ನಿಲ್ಲಿಸುವ ಕಮಾನು ಕಟ್ಟಡಗಳನ್ನು ತಂದು ಸಂತೆ ಮಾಡಿದ್ದಾರೆ. ಮೀನಿಗೊಂದು, ಹಾಲು ಮೊಸರಿಗೊಂದು. ಹೊರಗೆ ಹಣ್ಣು ಮಾರುವ ಹೆಂಗಸು ಲೋಟದಲ್ಲಿ ಅಳೆದು ಕೊಟ್ಟು, ಕೇಳದೆಯೇ ಮೇಲೊಂದು ಹಿಡಿ ಹಾಕಿದಳು. ನನಗೆ ತವರಿಗೆ ಬಂದಷ್ಟು ಸಂತೋಷವಾಯಿತು. ಅದೇ ಹುಮ್ಮಸ್ಸಿನಲ್ಲಿ ಹೂವಿನವಳ ಹತ್ತಿರ ಹೋಗಿ ಹನ್ನೊಂದು ಗುಲಾಬಿ ಕಟ್ಟಿಸಿ, ಇನ್ನೊಂದು ಹಾಕು ಎಂದು ಸನ್ನೆ ಮಾಡಿದೆ. ಅವಳು ತಲೆಯಾಡಿಸಿ ಎರಡು ಬೆರಳು ತೋರಿಸಿದಳು. ಒಂದಲ್ಲ, ಕೊಂಡರೆ ಎರಡು ಕೊಳ್ಳು ಎಂಬಂತೆ. ನಾನು ಒಂದು ಬೆರಳು ತೋರಿಸಿದೆ. ಅವಳು ಎರಡು. ಗಟ್ಟಿ ಆಸಾಮಿ ಎಂದು ಒಳಗೇ ಮೆಚ್ಚಿಕೊಂಡೆ. ನಾನು ಅಲ್ಲಾಡದೆ ನಿಂತೆ, ಅವ್ವನ ಹಾಗೆ. ಕೊನೆಗೆ ಅವಳು ಬೇಸತ್ತು ಒಂದನ್ನು ತೆಗೆದು, ಕಟ್ಟಿಗೆ ಸೇರಿಸದೆ, ನನ್ನ ಕೈಗೆ ಬೇರೆಯಾಗಿ ಕೊಟ್ಟಳು. ರೈಲಿನಲ್ಲಿ ಕೂತು ನಾನೇ ಕಾಗದ ಬಿಚ್ಚಿ ಅದನ್ನು ಒಳಗೆ ಸೇರಿಸಿದೆ. ಕಟ್ಟು ತುಂಬಿಕೊಂಡು ಕಾಣಲಿ ಎಂದು. ವಸುಧಾ ಅದನ್ನು ನೋಡಿ ಜಡೆಯನ್ನು ಬೆನ್ನ ಹಿಂದಕ್ಕೆ ಎಸೆದುಕೊಂಡಳು.

ಮಾರ್ಟಾ ಅವರದು ಸೇಬಿನ ಮರಗಳ ನಡುವಿನ ಹಲಗೆ ಮನೆ. ಎತ್ತರದ ಹೆಂಗಸು; ಬಿಳಿ ತುರುಬು, ನೆಟ್ಟಗಿನ ಬೆನ್ನು. ಕರೆಯದೆ ಬಂದ ನೆರೆಹೊರೆಯವರು ಆಗಲೇ ಮೇಜಿನ ಸುತ್ತ ಕೂತಿದ್ದರು. ಅವರು ತಂದ ಹೂಗಳು ಕಿಟಕಿಯ ಮೇಲೆ ಸಾಲಾಗಿದ್ದವು. ಬಾಗಿಲಲ್ಲೇ ಮೇಘನಾ ನನ್ನ ಕೈ ನೋಡಿ, “ಅಪ್ಪಾ, ಹೌ ಮೆನಿ?” ಎಂದಳು.

“ಪೂರ್ತಿ ಡಜನ್. ಒಂದು ಫ್ರೀ!”

ಅವಳ ಮುಖ ಇಳಿದುಹೋಯಿತು. ಅಷ್ಟರಲ್ಲಿ ಮಾರ್ಟಾ ಕಟ್ಟನ್ನು ಕೈಗೆ ತೆಗೆದುಕೊಂಡಾಗಿತ್ತು. ಅವರ ಕಣ್ಣು ಹೂಗಳ ಮೇಲೆ ಒಂದು ಸುತ್ತು ಹೋಗಿ ನಿಂತಿತು. ಅವರು ಏನೋ ಕೇಳಿದರು. ಯಾನಿಸ್ ಅನುವಾದಿಸಲಿಲ್ಲ. ಚೌಕಾಸಿಯಲ್ಲಿ ದುಭಾಷಿ ಸುಮ್ಮನಾದನೆಂದರೆ ವ್ಯಾಪಾರ ಕೆಟ್ಟಿತೆಂದೇ ಲೆಕ್ಕ.

“ಏನಂದ್ರಪ್ಪಾ?”

“ಯಾರು ಸತ್ತರು ಅಂತ ಕೇಳ್ತಿದ್ದಾರೆ ಅಂಕಲ್.”

ಸರಿಸಂಖ್ಯೆಯ ಹೂ ಅಲ್ಲಿ ಸಮಾಧಿಗೆ ಮಾತ್ರ, ಬದುಕಿದವರಿಗೆ ಬೆಸ. ಮೇಘನಾ ಇದನ್ನು ಕಿವಿಯಲ್ಲಿ ಹೇಳಿದಾಗ ಹೂವಿನವಳ ಎರಡು ಬೆರಳು ನನ್ನ ಕಣ್ಣ ಮುಂದೆ ಬಂತು. ಮದುವೆಗೆ ನೂರು ಕೊಡದೆ ನೂರ ಒಂದು ಕೊಡುವ ಜನ ನಾವು, ಇದನ್ನು ನನಗೆ ಬೇರೆಯವರು ಹೇಳಬೇಕೆ? ಮಗಳು ಕಿಟಕಿಯ ಕಡೆ ತಿರುಗಿ ನಿಂತಿದ್ದಳು. ಏನಾದರೂ ಹೇಳಬೇಕು, ಬಾಯಿಗೆ ಒಂದು ಮಾತೂ ಬರಲಿಲ್ಲ. ನನ್ನ ಬಾಯಿ ನನಗೆ ಕೈಕೊಟ್ಟದ್ದು ಅದೇ ಮೊದಲು.

“ಅಯ್ಯೋ, ಅದರಲ್ಲಿ ಒಂದು ನಂದು!” ಎಂದಳು ವಸುಧಾ. ಅಚ್ಚ ಮೈಸೂರು ಕನ್ನಡದಲ್ಲಿ, ನೇರವಾಗಿ ಮಾರ್ಟಾ ಅವರಿಗೇ, ತನ್ನ ತವರಿನ ಪಕ್ಕದ ಮನೆಯವರಿಗೆ ಹೇಳುವಂತೆ. “ಮುಡಿಯೋಕೆ ಅಂತ ತಗೊಂಡಿದ್ದೆ. ಇವರ ಕೈಲಿ ಕೊಟ್ಟರೆ ಎಲ್ಲಾ ಸೇರಿಸಿಬಿಟ್ಟಿದ್ದಾರೆ ನೋಡಿ!” ಎನ್ನುತ್ತಲೇ ಒಂದು ಗುಲಾಬಿ ಎಳೆದು, ದಂಟು ಮುರಿದು, ಜಡೆಗೆ ಸಿಕ್ಕಿಸಿಕೊಂಡಳು. ಮೇಘನಾ ಅದನ್ನು ಇಂಗ್ಲಿಷ್ ಮಾಡಿದಳು, ಯಾನಿಸ್ ಲಾಟ್ವಿಯನ್ ಮಾಡಿದ. ಎರಡು ಭಾಷೆ ದಾಟುವಷ್ಟರಲ್ಲಿ ಆ ಸುಳ್ಳು ನಿಜಕ್ಕಿಂತ ಗಟ್ಟಿಯಾಗಿತ್ತು.

ಮಾರ್ಟಾ ಉಳಿದದ್ದನ್ನು ಮತ್ತೆ ಎಣಿಸಿದರು. ಆಮೇಲೆ ವಸುಧಾಳ ಹಿಂದೆ ಬಂದು ನಿಂತರು. ಗುಲಾಬಿ ವಾಲಿಕೊಂಡಿತ್ತು, ಈಗಲೋ ಆಗಲೋ ಬೀಳುವಂತೆ. ತಮ್ಮ ತುರುಬಿನಿಂದ ಒಂದು ಪಿನ್ನು ಎಳೆದು, ಹೂವನ್ನು ನೆಟ್ಟಗೆ ಮಾಡಿ, ಬಿಗಿಯಾಗಿ ಸಿಕ್ಕಿಸಿದರು.

“ಪಿನ್ ಇಲ್ಲದೆ ನಿಲ್ಲಲ್ಲ ಅಂತಿದ್ದಾರೆ ಆಂಟಿ,” ಎಂದ ಯಾನಿಸ್. ಆಮೇಲೆ ಎಲ್ಲರೂ ಊಟಕ್ಕೆ ಕೂತೆವು.

ಸಬ್ಬಸಿಗೆ ಉದುರಿಸಿದ ಎಳೆ ಆಲೂಗೆಡ್ಡೆ, ಹುಳಿ ಕೆನೆ, ಕಪ್ಪು ರೈ ಬ್ರೆಡ್ಡು. ನಡುವೆ ಕ್ಲಿಂಗೆರಿಸ್: ಕೇಸರಿ, ದ್ರಾಕ್ಷಿ ಹಾಕಿ, ಹಗ್ಗದಂತೆ ಹೊಸೆದು ಬೇಯಿಸಿದ ಸಿಹಿ ಬ್ರೆಡ್ಡು, ಹೆಸರಿನ ದಿನಕ್ಕೆ ಅದು ಇರಲೇಬೇಕು. ಅದರಲ್ಲಿ ಮೊಟ್ಟೆ ಇದೆಯೇ ಎಂದು ವಸುಧಾ ಆ ದಿನ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಚಹಾ ಸುರಿಯುತ್ತ ಮಾರ್ಟಾ ಕೇಳಿದರು: ನಿಮ್ಮ ಮದುವೆಗಳಲ್ಲಿ ಹೆಂಗಸರು ಹೀಗೆ ಹೂ ಮುಡಿಯುತ್ತಾರೆಯೇ? ಹೌದೆಂದಳು ವಸುಧಾ. ನನ್ನಂಥವರೂ? ಎಂದರು. ಅವರು ಕೇಳಿದ್ದು ವಯಸ್ಸನ್ನು. ಆದರೆ ಅವರ ಹಿಂದಿನ ಗೋಡೆಯ ಮೇಲೆ ತೀರಿಹೋದ ಗಂಡನ ಫೋಟೋ ಇತ್ತು. ಅಪ್ಪ ಹೋದ ಮೇಲೆ ನಮ್ಮವ್ವ ಕೊಸರು ಕೇಳುವುದನ್ನು ಬಿಟ್ಟಿದ್ದಳು. ದೇವರ ಹೂವನ್ನಷ್ಟೇ ಅಳೆಸಿಕೊಂಡು ತಲೆ ತಗ್ಗಿಸಿ ಬಂದುಬಿಡುತ್ತಿದ್ದಳು. ಸೊಸೆಯಾಗಿ ಬಂದ ವಸುಧಾ ಅದನ್ನು ನೋಡಿದ್ದವಳು. ಅವಳು ಒಮ್ಮೆ ನನ್ನ ಮುಖ ನೋಡಿದಳು.

“ಎಲ್ಲರೂ ಮುಡೀತಾರೆ,” ಎಂದಳು. “ನೀವೂ.”

ಆಗ ನನಗೆ ಬಾಯಿ ಬಂತು. “ನಿಮ್ಮಲ್ಲಿ ಕರೆಯೋ ಪದ್ಧತಿಯಿಲ್ಲ, ನಮ್ಮಲ್ಲಿ ಕರೆಯದೆ ಬರೋ ಪದ್ಧತಿಯಿಲ್ಲ. ಅದಕ್ಕೇ ನಿಮ್ಮನ್ನ ಕರೆಯೋಕೆ ಬಂದಿದ್ದೀವಿ,” ಎಂದೆ. ವಸುಧಾ ಚೀಲದಿಂದ ಅಕ್ಷತೆಯ ಪೊಟ್ಟಣ ತೆಗೆದು ಅವರ ಅಂಗೈಯಲ್ಲಿಟ್ಟಳು. ಅವರು ಅದನ್ನು ತಮ್ಮ ತಟ್ಟೆಯ ಪಕ್ಕದಲ್ಲಿಟ್ಟು, ಇನ್ನೊಂದು ತುಂಡು ಕ್ಲಿಂಗೆರಿಸ್ ಬಡಿಸಿದರು.

ಹೊರಡುವಾಗ ವಸುಧಾ ಪಿನ್ನು ಬಿಚ್ಚಿ ಕೊಡಲು ಹೋದಳು. ಮಾರ್ಟಾ ಅವಳ ಬೆರಳುಗಳನ್ನು ಮಡಿಸಿ ಮುಷ್ಟಿ ಮುಚ್ಚಿದರು. ಏನೋ ಹೇಳಿದರು; ಯಾನಿಸ್ ನಮ್ಮ ಕಡೆ ತಿರುಗಿದ.

“ಮದುವೆ ದಿನ ಅವರೇ ಬಂದು ವಾಪಸ್ ತಗೋತಾರಂತೆ.”

“ನಿಜವಾಗ್ಲೂ?” ಎಂದಳು ಮೇಘನಾ. ಕನ್ನಡದಲ್ಲಿ.

ಎಸ್ಟೋನಿಯಾದ ತಾಲಿನ್ ಬಗ್ಗೆ ಹೆಚ್ಚು ಹೇಳಲಾರೆ. ಕೋಟೆ ಗೋಡೆಯ ಮೇಲೆ ನಡೆದೆವು, ಬೀದಿಯಲ್ಲಿ ಸಕ್ಕರೆ ಪಾಕದ ಬಿಸಿ ಬಾದಾಮಿ ತಿಂದೆವು. ಹೇಳಿದ ಬೆಲೆಯನ್ನು ಹಾಗೇ ಕೊಟ್ಟೆನೆಂದು ವಸುಧಾ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಇವತ್ತು ರೂಟ್ ಒನ್ ಅಂಗಡಿಯಲ್ಲಿ ಆ ಹೊರಗೆಳೆದ ಗುಲಾಬಿಯನ್ನು ಹಿಡಿದುಕೊಂಡು, ಅಂಗಡಿಯಾಕೆಗೆ ಎರಡು ಬೆರಳು ತೋರಿಸಿದೆ. “ಒಂದು ಸಾಲದು. ಎರಡು. ಎರಡೂ ಬೇರೆಯಾಗಿ.” ಅವಳು ಹಣೆ ಚಚ್ಚಿಕೊಂಡು ಕೊಟ್ಟಳು. ಕಾರಿನಲ್ಲಿ ಕಾಯುತ್ತಿದ್ದ ವಸುಧಾ ಒಂದನ್ನು ಕನ್ನಡಿ ನೋಡಿ ಮುಡಿದುಕೊಂಡಳು. ಇನ್ನೊಂದಕ್ಕೆ ಒದ್ದೆ ಟಿಶ್ಯೂ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಳು. ನೆವಾರ್ಕ್ ಏರ್‌ಪೋರ್ಟಿನ ದಾರಿ ಹಿಡಿಯುವಷ್ಟರಲ್ಲಿ, ಅಜ್ಜಿಯನ್ನು ಕರೆತರಲು ಹೋಗಿದ್ದ ಯಾನಿಸ್‌ನ ಮೆಸೇಜು ಬಂತು, ಇಳಿದೆವು ಎಂದು.

“ಏರ್‌ಪೋರ್ಟಲ್ಲೇ ಮುಡಿಸ್ತೀಯಾ?” ಎಂದೆ.

“ಹೂಂ. ಪಿನ್ ತಂದಿದ್ದೀನಿ.”

“ಅದು ಮದುವೆ ದಿನಕ್ಕಲ್ಲವಾ?”

“ಇವತ್ತೇ ಕೊಡ್ತೀನಿ,” ಎಂದಳು. “ಬಂದರಲ್ಲ.”