ಕೊಳೆಯದ ಖಂಡ

ಕೋವಿಡ್‌ಗೆ ಹಿಂದಿನ ವರ್ಷ ನಾನು ಮರಾಠಿ ಸೀಮೆಯ ಕಲ್ಯಾಣದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಪ್ಯಾಥಾಲಜಿಸ್ಟ್ ಆಗಿದ್ದೆ. ಆಪರೇಷನ್‌ನಲ್ಲಿ ತೆಗೆದ ಭಾಗಗಳನ್ನು ಅಳೆದು, ಕತ್ತರಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಯಾವುದೆಂದು ಬರೆಯುವುದು ನನ್ನ ಕೆಲಸ. ಕಲಬುರಗಿ ಕಡೆಯ ಕೂಲಿಯವರು ಬಂದರೆ, ಕನ್ನಡ ಗೊತ್ತೆಂಬ ಕಾರಣಕ್ಕೆ, ತಿಳಿಹೇಳಲೂ ನನ್ನನ್ನೇ ಕರೆಯುತ್ತಿದ್ದರು.

ಭೀಮವ್ವ ಹಾಗೆ ಬಂದವಳು. ಅಲ್ಲೇ ವಿಠ್ಠಲವಾಡಿಯ ಚಾಳಿನ ಒಂದು ಬಾಡಿಗೆ ಕೋಣೆಯಲ್ಲಿದ್ದು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ತೊಡೆಯಲ್ಲಿ ಕ್ಯಾನ್ಸರ್ ಗಡ್ಡೆ. ಬೇಗ ತೆಗೆದರೆ ಬದುಕುತ್ತೀ, ಇಲ್ಲದಿದ್ದರೆ ಇಲ್ಲ ಎಂದೆ. ಅವಳು ಒಪ್ಪಲಿಲ್ಲ. ಅವಳೂ ಅವಳ ಅಣ್ಣ ಮಲ್ಲೇಶಿಯೂ ಸೇರಿದ್ದ ಗುಂಪೊಂದು ಖಂಡವ್ವನನ್ನು ಪೂಜಿಸುತ್ತಿತ್ತು. ಖಂಡ ಅಂದರೆ ಅವರ ಕಡೆ ಮಾಂಸ. ಮೂರ್ತಿಯಿಲ್ಲ, ಅಂಗಡಿಯಿಂದ ತಂದ ತುಂಡೇ ದೇವಿ. ನಾರುವವರೆಗೆ ಪೂಜೆ, ನಾರಿದ ದಿನ ಉಪ್ಪು ಹಾಕಿ ಹೂಳುವುದು. ಗಡ್ಡೆಯೆಂದರೆ ದೇವಿ ತಾನಾಗಿ ಮೈಯೊಳಗೆ ಬಂದಿದ್ದು.

"ಕೊಯ್ರಿ ಸಾಹೇಬ್ರ," ಎಂದ ಮಲ್ಲೇಶಿ ಕೊನೆಗೆ. "ಆದ್ರ ಕೊಯ್ದಿದ್ದು ನಮಗ ಕೊಡಬೇಕು. ನಮ್ಮವ್ವನ್ನ ಕಸದಾಗ ಒಗೀತೀರೇನು?"

ಪರೀಕ್ಷೆ ಮುಗಿದು ಉಳಿದ ಭಾಗ ಹಳದಿ ಚೀಲದಲ್ಲಿ ಸುಡಲು ಹೋಗಬೇಕು, ಅದು ನಿಯಮ. ಮೂರು ದಿನ ಪೂಜಿಸಿ ಹೂಳುವವರಿಗೆ ಕೊಟ್ಟರೇನು, ಒಂದು ಜೀವ ಉಳಿಯುತ್ತದಲ್ಲ ಎಂದುಕೊಂಡೆ. ಆಪರೇಷನ್ ಆಯಿತು. ಕೊಯ್ದ ಅಂಚಿನಲ್ಲಿ ರೋಗ ಉಳಿದಿರಲಿಲ್ಲ, ಅಂದರೆ ಗಡ್ಡೆ ಪೂರ್ತಿ ಬಂದಿತ್ತು. ಗಡ್ಡೆಯನ್ನು ಗಾಜಿನ ಜಾಡಿಯ ಸಮೇತ ಕೊಟ್ಟೆ. ಜಾಡಿಯಲ್ಲಿದ್ದದ್ದು ಫಾರ್ಮಲಿನ್, ಮಾಂಸವನ್ನು ಕೊಳೆಯದಂತೆ ಇಡುವ ದ್ರಾವಣ. ದಿನವೂ ಬಳಸುವ ನನಗೆ ಅದು ಹೇಳಬೇಕಾದ ವಿಷಯವೆಂದು ತೋಚಲೇ ಇಲ್ಲ.

ನಾಲ್ಕು ತಿಂಗಳಿಗೆ ಭೀಮವ್ವನನ್ನು ಮತ್ತೆ ಹೊತ್ತು ತಂದರು. ಇನ್ನೊಂದು ತೊಡೆಯಲ್ಲಿ, ಎರಡೂ ತೋಳುಗಳಲ್ಲಿ ಮಾಂಸ ಕೊಯ್ದ ಗಾಯ. ಕೀವು, ಜ್ವರ.

"ನಾರಲೇ ಇಲ್ರಿ," ಎಂದಳು, ಒಳ್ಳೆ ಸುದ್ದಿ ಹೇಳುವಂತೆ. "ಅವ್ವ ನಿಂತಾಳ. ನಿಂತಾಕಿಗೆ ಊಟ ಬ್ಯಾಡೇನು?"

ಅದೇ ಮಧ್ಯಾಹ್ನ ಚಾಳಿಗೆ ಹೋದೆ. ಭೀಮವ್ವನ ಕೋಣೆಯಲ್ಲಿ ಜಾಡಿಯ ಸುತ್ತ ಹತ್ತು ಹನ್ನೆರಡು ಜನ ಕೂತಿದ್ದರು, ಬಹುತೇಕರ ತೋಳಿಗೆ ಬಟ್ಟೆ ಸುತ್ತಿತ್ತು. ಕೊಳೆಯದಿರುವುದು ಫಾರ್ಮಲಿನ್‌ನಿಂದ ಎಂದು ಬಿಡಿಸಿ ಹೇಳಿದೆ. ಮಲ್ಲೇಶಿ ನಕ್ಕ. "ಹಂಗಾರ ನೀವೇ ಪೂಜಾರಿ ಆದ್ರಲ್ಲ, ತೀರ್ಥ ಕೊಟ್ಟವ್ರು." ಉಳಿದವರು ನನ್ನ ಕಾಲು ಮುಟ್ಟಿದರು.

ನನ್ನ ವರದಿಯಲ್ಲಿ ಗಡ್ಡೆ ಒಂಬತ್ತು ಸೆಂಟಿಮೀಟರ್. ಅಂದು ಅದು ಜಾಡಿಯ ಎರಡೂ ಬದಿಗೆ ಒತ್ತಿಕೊಂಡಿತ್ತು. ಗಾಜು, ದ್ರವ ಎರಡೂ ಸೇರಿದರೆ ವಸ್ತು ದೊಡ್ಡದಾಗಿ ಕಾಣುತ್ತದೆ, ಗೊತ್ತು. ನಾನು ಹೆದರಿದ್ದೆ, ಅದೂ ಗೊತ್ತು. ಆದರೆ ಎತ್ತಿಕೊಳ್ಳಲು ಕೈ ಹಾಕಿದಾಗ ಜಾಡಿ ಬೆಚ್ಚಗಿತ್ತು. ಬಿಸಿಲು ಬಿದ್ದಿರಬೇಕು ಅಂದುಕೊಳ್ಳುತ್ತೇನೆ. ಆ ಕೋಣೆಗೆ ಕಿಟಕಿ ಇತ್ತೋ ಇಲ್ಲವೋ, ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ಅಲ್ಲೇ ಬಿಟ್ಟು ಬಂದೆ.

ಮೂರನೆಯ ದಿನ, ಸೋಂಕು ರಕ್ತಕ್ಕೆ ಹರಡಿ, ಭೀಮವ್ವ ಸತ್ತಳು. ಆಸ್ಪತ್ರೆಯವರು ತಿಳಿಸಿ ಪೊಲೀಸರು ಹೋಗುವಷ್ಟರಲ್ಲಿ ಚಾಳಿನ ಕೋಣೆ ಖಾಲಿ. ಬದಲಾಪುರದ ಕಡೆ ಹೊಸ ಕಟ್ಟಡದ ಕೆಲಸಕ್ಕೆ ಹೋದರಂತೆ, ಜಾಡಿಯನ್ನೂ ಒಯ್ದರಂತೆ. ಯಾರೂ ಸಿಗಲಿಲ್ಲ.

ವೃತ್ತಿ ನನಗೆ ಕಲಿಸಿದ್ದು ಇಷ್ಟೇ: ನಮಗೆ ರೂಢಿಯಾಗಿಹೋದ ಸಂಗತಿಯನ್ನು ರೋಗಿಗೆ ಮೊದಲೇ ಹೇಳಬೇಕು. ಆಮೇಲೆ ಹೇಳಿದ್ದೆಲ್ಲ ದೇವಿಯ ಪವಾಡಕ್ಕೇ ಸೇರುತ್ತದೆ.